ಬಾಣಲೆಯ ಎಣ್ಣೆ, ರಕ್ತನಾಳದ ಉರಿ

ಕೇಳುಗರಿಗೆಲ್ಲ ನಮಸ್ಕಾರ.

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಒಲೆ ಮೇಲೆ ಬಾಣಲೆ ಏರುತ್ತದೆ. ಹಲಸಿನ ಹಪ್ಪಳ, ಬಾಳಕ, ಸಂಜೆಗೆ ಬಿಸಿ ಬೋಂಡ. ಇವನ್ನೆಲ್ಲ ಬಿಟ್ಟುಬಿಡಿ ಎನ್ನಲು ನಾನು ಬಂದಿಲ್ಲ. ಆದರೆ ಆ ಬಾಣಲೆಯಲ್ಲಿರುವ ಎಣ್ಣೆ ಯಾವುದು ಎಂಬುದು ಮುಖ್ಯ.

ಪೈಪಿನಲ್ಲಿ ಜಿಡ್ಡು ಕಟ್ಟಿದ ಹಾಗೆ ರಕ್ತನಾಳ ಕಟ್ಟಿಕೊಳ್ಳುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ರೋಗ ಹುಟ್ಟುವುದು ನಾಳದ ಗೋಡೆಯೊಳಗೆ. ರಕ್ತದಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಜಾಸ್ತಿಯಾದರೆ ಅದರ ಕಣಗಳು ಗೋಡೆಗೆ ನುಸುಳಿ, ಅಲ್ಲೇ ಕೂತು ಕೆಡುತ್ತವೆ. ಅವನ್ನು ನುಂಗಲು ಬಿಳಿ ರಕ್ತಕಣಗಳು ಬರುತ್ತವೆ. ನುಂಗಿ ನುಂಗಿ ಉಬ್ಬಿ, ಅಲ್ಲೇ ಸಾಯುತ್ತವೆ. ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ಉರಿಯೂತ ಇದು. ಒಂದು ದಿನ ಅಲ್ಲಿ ಬೆಳೆದ ಗಂಟಿನ ಮೇಲಿನ ಪೊರೆ ಒಡೆದರೆ ರಕ್ತ ಹೆಪ್ಪುಗಟ್ಟುತ್ತದೆ. ಹೃದಯಾಘಾತ ಆಗುವುದು ಸಾಮಾನ್ಯವಾಗಿ ಹೀಗೆ.

ಉರಿಯೂತದ ಮಾತು ಬರೀ ಊಹೆಯಲ್ಲ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ಔಷಧ ಪ್ರಯೋಗದಲ್ಲಿ ಸುಮಾರು 10,000 ರೋಗಿಗಳಿದ್ದರು. ಎಲ್ಲರಿಗೂ ಮೊದಲೇ ಒಮ್ಮೆ ಹೃದಯಾಘಾತ ಆಗಿತ್ತು. ಕೊಲೆಸ್ಟರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಚುಚ್ಚುಮದ್ದು ಕೊಟ್ಟರು. ಮಧ್ಯಮ ಪ್ರಮಾಣದ ಮದ್ದು ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾರೆ ಶೇಕಡ 15ರಷ್ಟು ಕಡಿಮೆಯಾದವು.

ಈಗ ಎಣ್ಣೆಗೆ ಬರೋಣ. ಎಲ್ಲಕ್ಕಿಂತ ಕೆಟ್ಟದ್ದು ಟ್ರಾನ್ಸ್ ಕೊಬ್ಬು, ಅಂದರೆ ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬು. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ, ಉರಿಯೂತವನ್ನೂ ಹೆಚ್ಚಿಸುತ್ತದೆ. ವನಸ್ಪತಿಯಲ್ಲಿ ಇದು ಶೇಕಡ 2ನ್ನು ಮೀರಬಾರದು ಎಂದು 2022ರಿಂದ ನಮ್ಮ ದೇಶದಲ್ಲಿ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಎಣ್ಣೆಯ ಬೋಂಡ ಈಗಲೂ ಬೇಡ.

ಕೊಬ್ಬರಿ ಎಣ್ಣೆಯ ವಿಷಯ ಕೆಲವರಿಗೆ ಬೇಸರ ತರಬಹುದು. ನಮ್ಮ ತೋಟದ್ದು, ಅಜ್ಜಿಯ ಕಾಲದ್ದು, ಅಲ್ವಾ? ಆದರೂ ಅದರ ಹೆಚ್ಚಿನ ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟರಾಲ್ ಏರಿಸುವ ಕೊಬ್ಬು. ಒಂದು ದೊಡ್ಡ ಚಮಚದಲ್ಲೇ ಸುಮಾರು 12 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಸುಮಾರು 22 ಗ್ರಾಂ. ಎರಡು ಚಮಚಕ್ಕೆ ಮುಗಿಯಿತು. ಅಜ್ಜಿ ಗದ್ದೆಯಲ್ಲಿ ದುಡಿಯುತ್ತಿದ್ದಳು, ಕರಿದದ್ದು ಹಬ್ಬಕ್ಕೆ ಮಾತ್ರ. ಒಗ್ಗರಣೆಗೆ ಒಂದಿಷ್ಟು ಇರಲಿ, ದಿನದ ಅಡುಗೆಗೆ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ ವಾಸಿ. ಸೂರ್ಯಕಾಂತಿ ಎಣ್ಣೆಯಲ್ಲಿರುವ ಒಮೆಗಾ 6 ಎಂಬ ಕೊಬ್ಬು ಉರಿಯೂತ ತರುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಜನರ ಮೇಲೆ ಮಾಡಿದ ಪ್ರಯೋಗಗಳಲ್ಲಿ ಅದು ಕಂಡುಬಂದಿಲ್ಲ.

ಮೀನು ತಿನ್ನುವವರಿಗೆ ಘಟ್ಟ ಹತ್ತಿ ಬರುವ ಭೂತಾಯಿ, ಬಂಗುಡೆಯಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೆಗಾ 3 ಕೊಬ್ಬು ಚೆನ್ನಾಗಿದೆ. ಹುರಿಯುವುದಕ್ಕಿಂತ ಸಾರು ಮಾಡಿ. ಉಳಿದವರು ಅಗಸೆ ಬೀಜದ ಚಟ್ನಿಪುಡಿ ಮಾಡಿಕೊಳ್ಳಬಹುದು. ಎಣ್ಣೆ ಕಡಿಮೆ ಮಾಡಿದೆವೆಂದು ಅನ್ನ, ಸಕ್ಕರೆ ಜಾಸ್ತಿ ಮಾಡಿದರೆ ಏನೂ ಲಾಭವಿಲ್ಲ.

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಒಂದು ಮಾತು. ಎಣ್ಣೆ ಬದಲಿಸಿದಿರಿ ಅಂತ ಮಾತ್ರೆ ನಿಲ್ಲಿಸಬೇಡಿ, ಮೊದಲು ವೈದ್ಯರನ್ನು ಕೇಳಿ. ನಮಸ್ಕಾರ.