111 ನಿಮಿಷ, ಒಂದೂ ಕಟ್ ಇಲ್ಲ! ಸಿಐಡಿಯ ಆ ಎಪಿಸೋಡ್ ಕಥೆ

[ದೃಶ್ಯ: ಹುಬ್ಬಳ್ಳಿಯ ದುರ್ಗದಬೈಲ್, ಸಂಜೆ ಗದ್ದಲ. ನಿರೂಪಕಿ ಕ್ಯಾಮೆರಾ ಮುಂದೆ]

ನಮಸ್ಕಾರ ರೀ! ಹಿಂದಿಯ ಪತ್ತೇದಾರಿ ಧಾರಾವಾಹಿ ಸಿಐಡಿ ಅಂದ ಕೂಡಲೇ ಬಾಗಿಲು ಒದೆಯುವ ದಯಾ ನೆನಪಾಗ್ತಾರೆ, ಅಲ್ವಾ? ಆ ಪಾತ್ರದ ದಯಾನಂದ ಶೆಟ್ಟಿ ನಮ್ಮ ಉಡುಪಿ ಕಡೆಯ ಕಟಪಾಡಿಯವರು. ಆದರೆ ಇವತ್ತು ಬಾಗಿಲಿನ ಮಾತಲ್ಲ.

2004ರ ಅಕ್ಟೋಬರ್ 8. ನಿರ್ದೇಶಕ ಬಿ.ಪಿ. ಸಿಂಗ್ ಒಂದು ಇಡೀ ಎಪಿಸೋಡನ್ನು ಒಂದೇ ಶಾಟ್‌ನಲ್ಲಿ, ಅಂದರೆ ಕ್ಯಾಮೆರಾ ಎಲ್ಲೂ ನಿಲ್ಲಿಸದೆ, ತೆಗೆದರು. 111 ನಿಮಿಷ! ನವೆಂಬರ್ 7ಕ್ಕೆ ಅದು ಸೋನಿಯಲ್ಲಿ ಬಂತು. ಗಿನ್ನೆಸ್ ದಾಖಲೆಗೂ ಸೇರಿತು.

[ಗ್ರಾಫಿಕ್: ಫಿಲ್ಮ್ ರೀಲ್]

ಸಾವಿರ ಅಡಿಯ ಫಿಲ್ಮ್ ರೀಲ್ ಸುಮಾರು 11 ನಿಮಿಷಕ್ಕೇ ಮುಗಿಯುತ್ತದೆ. ಹಾಗಾಗಿ ರೀಲ್ ಕಾಲದಲ್ಲಿ ಇದು ಆಗದ ಮಾತು. ವಿಡಿಯೋ ಬಂದ ಮೇಲೆ ಆ ತೊಂದರೆ ತಪ್ಪಿತು. ಉಳಿದದ್ದೆಲ್ಲ ಮನುಷ್ಯರ ತಲೆನೋವು.

ಮಾಮೂಲಿ ಎಪಿಸೋಡಿನಲ್ಲಿ ಡೈಲಾಗ್ ತಪ್ಪಿದರೆ ಇನ್ನೊಂದು ಟೇಕ್. ಇಲ್ಲಿ ನೂರನೇ ನಿಮಿಷಕ್ಕೆ ನಾಲಿಗೆ ತೊದಲಿದರೂ ಮತ್ತೆ ಮೊದಲಿನಿಂದ! ಕ್ಯಾಮೆರಾ ಎಲ್ಲ ಕಡೆ ತಿರುಗುವುದರಿಂದ ಲೈಟ್ ಸ್ಟ್ಯಾಂಡ್, ಮೈಕ್, ವೈರು ಯಾವುದೂ ಕಾಣಬಾರದು. ಹೆಣವಾಗಿ ಮಲಗಿದವರ ಹೊಟ್ಟೆ ಕ್ಯಾಮೆರಾ ಬಂದಾಗ ಏರಿಳಿಯಬಾರದು. ಪಾಪ, ಕೆಮ್ಮು ಬಂದರೆ?

ಇನ್ನೊಂದು ವಿಷಯ. ಪತ್ತೇದಾರಿ ಧಾರಾವಾಹಿಯ ಅರ್ಧ ಸಸ್ಪೆನ್ಸ್ ಎಡಿಟಿಂಗ್ ಟೇಬಲ್ ಮೇಲೆ ಹುಟ್ಟುತ್ತದೆ. ಸುಳಿವು ಸಿಕ್ತಾ, ಡಂ ಅಂತ ಸಂಗೀತ, ಒಬ್ಬೊಬ್ಬರ ಮುಖದ ಕ್ಲೋಸಪ್. ಕಟ್ ಇಲ್ಲದಿದ್ದರೆ ಕ್ಯಾಮೆರಾ ತಾನೇ ಒಂದು ಮುಖದಿಂದ ಇನ್ನೊಂದಕ್ಕೆ ನಡೆದು ಹೋಗಬೇಕು. ಅಷ್ಟೊತ್ತು ಆ ನಟ ಗಾಬರಿಯ ಮುಖ ಹಿಡಿದುಕೊಂಡೇ ಇರಬೇಕು.

[ದೃಶ್ಯ: ಕಂಪನಿ ನಾಟಕದ ಬಣ್ಣದ ಪರದೆ]

ನನ್ನ ಪ್ರಕಾರ ಇದು ಟಿವಿ ಅಲ್ಲ, ನಾಟಕ. ಗದಗ, ಹುಬ್ಬಳ್ಳಿಯಲ್ಲಿ ಕಂಪನಿ ನಾಟಕ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಪರದೆ ಎದ್ದ ಮೇಲೆ ಸಂಭಾಳಿಸಿಕೊಂಡೇ ಹೋಗಬೇಕು. ವ್ಯತ್ಯಾಸ ಒಂದೇ: ಅಲ್ಲಿ ಜನ 'ವನ್ಸ್ ಮೋರ್' ಅಂದರೆ ನಟನಿಗೆ ಖುಷಿ, ಇಲ್ಲಿ ನಿರ್ದೇಶಕರು ಹಾಗಂದರೆ ಎದೆ ಧಸಕ್! ಎಸಿಪಿ ಪ್ರದ್ಯುಮ್ನನಾಗಿದ್ದ ಶಿವಾಜಿ ಸಾಟಮ್ ಮರಾಠಿ ರಂಗಭೂಮಿಯಿಂದ ಬಂದವರು. ಆ ಅನುಭವ ಇಂಥ ಕಡೆ ಕೈಹಿಡಿಯುತ್ತದೆ.

ಎಪಿಸೋಡ್ ಸಿಕ್ಕರೆ ಕೊಲೆಗಾರನನ್ನು ಹುಡುಕೋದು ಬಿಡಿ. ಫ್ರೇಮ್‌ನಿಂದ ಹೊರಗೆ ಹೋದವರು ಮತ್ತೆ ಯಾವ ಬಾಗಿಲಿಂದ ಬರ್ತಾರೆ ನೋಡಿ. ಯಾರಿಗಾದರೂ ಏದುಸಿರು ಕಂಡರೆ ಕಾಮೆಂಟ್‌ನಲ್ಲಿ ನಿಮಿಷ ಬರೆಯಿರಿ.