ಬಟ್ಟೆ ಒಗೆಯುವ ಯಂತ್ರದ ಹಿಂದೆ ಸಿಕ್ಕ ಆರ್ಕಿಡ್

ಬನ್ನಿ, ಇವತ್ತು ಮರಿಯನ್ನು ತಾಯಿಗಿಡದಿಂದ ಬೇರ್ಪಡಿಸುವ ದಿನ. ಇದಕ್ಕಾಗಿ ಏಳು ತಿಂಗಳು ಕಾದಿದ್ದೇನೆ. ನೀವು ಈಗ ನೋಡುತ್ತಿರುವುದು ಮಾತ್ರ ಹಳೆಯ ವಿಡಿಯೊ ತುಣುಕು, ಕಳೆದ ಜೂನ್ ತಿಂಗಳಿನದು. ಬೆಳಕು ಕಡಿಮೆ, ಕೈಯೂ ನಡುಗಿದೆ, ಆದರೂ ಗಿಡದ ಅವಸ್ಥೆ ಕಾಣುತ್ತದೆ.

ಅತ್ತಿಗೆಯ ಮನೆಯ ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದ ಫಲೇನಾಪ್ಸಿಸ್ ಎಂಬ ಜಾತಿಯ ಆರ್ಕಿಡ್ ಇದು. ಹೂವಿದ್ದಷ್ಟು ದಿನ ಟೀವಿಯ ಪಕ್ಕದಲ್ಲಿತ್ತು. ಹೂ ಉದುರಿದ ಮೇಲೆ ಬಟ್ಟೆ ಒಗೆಯುವ ಯಂತ್ರದ ಹಿಂದಕ್ಕೆ ಹೋಯಿತು. "ಹೂ ಮುಗಿದರೆ ಗಿಡವೂ ಮುಗಿಯಿತು ಎಂದುಕೊಂಡಿದ್ದೆ, ಬೇಕಾದರೆ ನೀನು ತೆಗೆದುಕೊಂಡು ಹೋಗು" ಎಂದರು. ಅವರನ್ನು ದೂರುವುದಿಲ್ಲ. ಸಾವಿರಾರು ರೂಪಾಯಿಗೆ ಗಿಡ ಮಾರುವವರು ಇದು ವರ್ಷಗಟ್ಟಲೆ ಬದುಕುತ್ತದೆ, ಮತ್ತೆ ಹೂ ಬಿಡುತ್ತದೆ ಎಂದು ಒಂದು ಚೀಟಿ ಬರೆದು ಕೊಡುವುದಿಲ್ಲವಲ್ಲ, ನನ್ನ ಸಿಟ್ಟು ಅಲ್ಲಿಗೆ.

ಈ ದೃಶ್ಯ ಸ್ವಲ್ಪ ಹತ್ತಿರದಿಂದ ನೋಡಿ. ಎಲೆ ಬೇಡ, ಬೇರು ನೋಡಿ. ಎಲೆ ಎರಡೇ ಇತ್ತು, ಎರಡೂ ಸುಕ್ಕುಗಟ್ಟಿ ಜೋತು ಬಿದ್ದಿದ್ದವು. ಅದನ್ನು ಕಂಡ ಯಾರಿಗಾದರೂ ನೀರು ಹಾಕಬೇಕು ಎನ್ನಿಸುತ್ತದೆ. ಹಾಕಿದ್ದರೆ ಅಂದೇ ಸಾಯುತ್ತಿತ್ತು. ನಾನು ಬೆರಳಿನಲ್ಲಿ ಒತ್ತುತ್ತಿದ್ದೇನೆ ನೋಡಿ, ಬೇರಿನ ಮೇಲಿನ ಪದರ ಒದ್ದೆ ಕಾಗದದ ಹಾಗೆ ಜಾರಿ ಕೈಗೆ ಬಂತು, ಒಳಗೆ ಉಳಿದದ್ದು ಹುಣಸೆಹಣ್ಣಿನ ನಾರಿನಂಥ ಒಂದು ಎಳೆ. ಕೊಳೆತ ಬೇರು ನೀರು ಹೀರುವುದಿಲ್ಲ, ಆದ್ದರಿಂದ ನೀರಿನ ನಡುವೆಯೇ ಕುಳಿತು ಎಲೆ ಬಾಡಿತ್ತು. ಹನ್ನೊಂದು ಬೇರುಗಳಲ್ಲಿ ನಾಲ್ಕು ಮಾತ್ರ ಗಟ್ಟಿಯಾಗಿದ್ದವು, ಎಳೆಯ ಹುರುಳಿಕಾಯಿಯ ಹಾಗೆ. ಆ ನಾಲ್ಕನ್ನು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಈ ಚೀಲದ ಕಥೆ. ಇದನ್ನು ಹೇಳದೆ ಮುಂದೆ ಹೋಗಲಾರೆ.

ಊರಾಚೆಯ ಒಂದು ನರ್ಸರಿಯಲ್ಲಿ "ಆರ್ಕಿಡ್ ಮಿಶ್ರಣ" ಎಂದು ಅಚ್ಚು ಹಾಕಿದ ಒಂದು ಕಿಲೋ ಚೀಲ, 380 ರೂಪಾಯಿ. ಮೇಲಿನ ಚಿತ್ರದಲ್ಲಿ ಮರದ ತೊಗಟೆಯ ದಪ್ಪ ದಪ್ಪ ತುಂಡುಗಳು, ಇದ್ದಿಲು. ನಂಬಿ ತಂದೆ. ಒಳಗಿನದು ಕೈಗೆ ಪುಡಿಪುಡಿಯಾಗಿ ತಾಗಿತು, ಆಗಲೇ ನಿಲ್ಲಿಸಬೇಕಿತ್ತು. ಅಚ್ಚು ಹಾಕಿದವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂದುಕೊಂಡು ಗಿಡವನ್ನು ಅದರಲ್ಲೇ ಕೂರಿಸಿದೆ. ಮೂರು ವಾರ ಕಳೆದು ತೆಗೆದು ನೋಡಿದರೆ ನಾಲ್ಕು ಬೇರುಗಳಲ್ಲಿ ಎರಡು ಹೋಗಿದ್ದವು. ಎರಡು! ಅಂದು ರಾತ್ರಿ ಉಳಿದ ಮಿಶ್ರಣವನ್ನು ರವೆ ಜರಡಿಯಲ್ಲಿ ಜರಡಿ ಹಿಡಿದೆ. ಪಕ್ಕದಲ್ಲಿ ಅಡುಗೆಮನೆಯ ತಕ್ಕಡಿ ಕಾಣುತ್ತಿದೆಯಲ್ಲ, ಅಂಕಿ ನೀವೇ ಓದಿಕೊಳ್ಳಿ. ಬರೀ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಮುಕ್ಕಾಲು ಪಾಲಿಗೂ ಹೆಚ್ಚು. ತೊಗಟೆ ಎನ್ನಬಹುದಾದ ತುಂಡುಗಳು ಒಂದು ಹಿಡಿ. ಟೊಮೆಟೊ ಸಸಿಗೆ ಕೊಕೊಪೀಟ್ ಒಳ್ಳೆಯದು. ಮರದ ಮೇಲೆ ಗಾಳಿಗೆ ಬೇರು ಬಿಟ್ಟುಕೊಂಡು ಬದುಕುವ ಗಿಡಕ್ಕೆ ಅದು ಒದ್ದೆ ಕಂಬಳಿ ಹೊದಿಸಿ ಉಸಿರು ಕಟ್ಟಿಸಿದಂತೆ. ಚೀಲ ಹಿಡಿದು ವಾಪಸು ಹೋದೆ. "ಎಲ್ಲರೂ ಇದನ್ನೇ ತೆಗೆದುಕೊಂಡು ಹೋಗುತ್ತಾರೆ ಮೇಡಂ, ನೀವು ನೀರು ಜಾಸ್ತಿ ಹಾಕಿರಬೇಕು" ಎಂದರು. ಹಣದ ಮಾತು ಬಿಡಿ, ಆ ಎರಡು ಬೇರುಗಳನ್ನು ಯಾರು ಕೊಡುತ್ತಾರೆ? ಇನ್ನು ತೆಂಗಿನದು ಏನನ್ನೂ ಆರ್ಕಿಡ್ ಹತ್ತಿರ ತರುವುದಿಲ್ಲ ಎಂದು ಅಂದೇ ಕ್ಯಾಮೆರಾದ ಮುಂದೆ ಹೇಳಿದ್ದೆ.

ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಈ ಬಟ್ಟಲಿನಲ್ಲಿ ನೆನೆಯುತ್ತಿರುವುದು ತೆಂಗಿನಕಾಯಿ ಸಿಪ್ಪೆಯೇ! ಆದರೆ ಪುಡಿಯಲ್ಲ, ಹೆಬ್ಬೆರಳಿನ ತುದಿಯಷ್ಟು ದಪ್ಪದ ತುಂಡುಗಳು. ನಾಲ್ಕೈದು ದಿನ ನೀರು ಬದಲಾಯಿಸುತ್ತಾ ನೆನೆಹಾಕಿದರೆ ಕಂದು ಬಣ್ಣದ ಒಗರೂ ಉಪ್ಪೂ ಇಳಿಯುತ್ತವೆ. ಅದಕ್ಕೆ ಅಷ್ಟೇ ಇದ್ದಿಲು, ಒಂದಿಷ್ಟು ಒಡೆದ ಹೆಂಚು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಮಲೆನಾಡಿನ ಸಾಗರ ಪಟ್ಟಣದ ಬಳಿ ಅಜ್ಜಿಯ ಮನೆಯ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಇತ್ತು. ಅದೂ ಆರ್ಕಿಡ್ಡೇ. ಮಳೆಗಾಲದ ಮುಂಚೆ ನರಿಯ ಬಾಲದ ಹಾಗೆ ಗೊಂಚಲು ಇಳಿಬಿಡುತ್ತದೆ. ಸೀತೆ ವನವಾಸದಲ್ಲಿ ಮುಡಿದ ಹೂ ಎಂದು ಅಜ್ಜಿ ನಮ್ಮ ಜಡೆಗೆ ಸುತ್ತುತ್ತಿದ್ದರು. ಅದೇ ಹೂ ಅಸ್ಸಾಮಿನಲ್ಲಿ ಕೊಪೌ ಫೂಲ್, ಆ ರಾಜ್ಯದ ಹೂ, ಬಿಹು ಕುಣಿತದ ಹೆಣ್ಣುಮಕ್ಕಳು ತುರುಬಿಗೆ ಮುಡಿಯುತ್ತಾರೆ. ಎಲ್ಲಿಯ ಸಾಗರ, ಎಲ್ಲಿಯ ಅಸ್ಸಾಂ! ಆ ಮರಕ್ಕೆ ಯಾರೂ ಗೊಬ್ಬರ ಹಾಕಿದವರಲ್ಲ. ಮಳೆ ಬಂದಾಗ ಬೇರು ತೊಯ್ಯುತ್ತಿತ್ತು, ಗಾಳಿಗೆ ಆರುತ್ತಿತ್ತು. ದಯವಿಟ್ಟು ಕಾಡಿನಿಂದ ಅದನ್ನು ಕಿತ್ತು ತರಬೇಡಿ, ಆ ಮರದ ಮೇಲೆ ಇರುವುದೇ ಅದಕ್ಕೆ ಚೆಂದ. ಅಯ್ಯೋ, ಕುಂಡ ತುಂಬಿಸುವ ದೃಶ್ಯ ಮುಗಿದೇ ಹೋಯಿತು. ಒತ್ತಿ ತುಂಬಬಾರದು, ಕುಂಡವನ್ನು ತಟ್ಟಿದರೆ ಸಾಕು, ಅಷ್ಟೇ ಹೇಳಬೇಕಿತ್ತು.

ಇದು ಸೆಪ್ಟೆಂಬರ್. ಕೈಯಲ್ಲಿ ಕತ್ತರಿ ಇದೆ. ಗಿಡ ಸೋತಿದೆ, ಹಳೆಯ ಹೂದಂಟನ್ನು ಕತ್ತರಿಸಿದರೆ ತಾಯಿಗೆ ಹೊರೆ ತಪ್ಪುತ್ತದೆ ಎಂದು ತೀರ್ಮಾನಿಸಿದ್ದೆ. ಕತ್ತರಿ ಬಾಯಿ ತೆರೆದಾಗ ಎರಡನೆಯ ಗಿಣ್ಣಿನಲ್ಲಿ ಇದು ಕಂಡಿತು. ಅಕ್ಕಿಕಾಳಿನಷ್ಟು ಹಸಿರು ಉಬ್ಬು. ಹೂವಿನ ಕವಲಿರಬಹುದು ಎಂದುಕೊಂಡೆ. ಎರಡು ವಾರದಲ್ಲಿ ಗುಬ್ಬಚ್ಚಿ ಮರಿ ಬಾಯಿ ತೆರೆದ ಹಾಗೆ ಎರಡು ಎಲೆ ಬಿಚ್ಚಿಕೊಂಡವು.

ಇಂಥ ಮರಿಗೆ ಆರ್ಕಿಡ್ ಬೆಳೆಸುವವರು ಕೇಕಿ ಎನ್ನುತ್ತಾರೆ. ಹವಾಯಿ ಭಾಷೆಯಲ್ಲಿ ಮಗು ಎಂದರ್ಥ. ನಮ್ಮ ಹಳೆಯ ಕಾವ್ಯಗಳಲ್ಲಿ ಕೇಕಿ ಎಂದರೆ ನವಿಲು! ನನಗೆ ಮರಿ ಎನ್ನುವುದೇ ಹಿತ, ಬಾಳೆಗೆ ಕಂದು ಎನ್ನುವ ಹಾಗೆ. ಗಿಣ್ಣಿನಲ್ಲಿ ಮಲಗಿರುವ ಮೊಗ್ಗನ್ನು ಸೈಟೊಕೈನಿನ್ ಎಂಬ ಸಸ್ಯ ಹಾರ್ಮೋನು ಎಬ್ಬಿಸುತ್ತದೆ. ಆ ಬಗೆಯ ಹಾರ್ಮೋನು ಬೆರೆಸಿದ ಮುಲಾಮೂ ಮಾರಾಟಕ್ಕಿದೆ, ಗಿಣ್ಣಿಗೆ ಹಚ್ಚಿದರೆ ಮರಿ ಬರಿಸಬಹುದು. ಸೋತ ಗಿಡಕ್ಕೆ ಅದನ್ನು ಹಚ್ಚಬೇಡಿ. ಎರಡು ಬೇರಿನ ತಾಯಿಯಿಂದ ಬಲವಂತವಾಗಿ ಮರಿ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಇದು ತಾನಾಗಿ ಬಂದದ್ದು. ಬೇರು ಕಳೆದುಕೊಂಡ ಗಿಡ ಹೀಗೆ ಮರಿ ಹಾಕುವುದುಂಟು.

ಮರಿಗೆ ಎಲೆ ಬಂದ ಕೂಡಲೇ ಬಿಡಿಸಬೇಕು ಎಂಬ ಆತುರ ನನಗೂ ಇತ್ತು. ಅದು ತಪ್ಪು. ಬೇರು ಬರುವವರೆಗೆ ನೀರು, ಊಟ ಎಲ್ಲವೂ ಆ ಹೂದಂಟಿನ ಮೂಲಕ ತಾಯಿಯಿಂದಲೇ ಬರಬೇಕು. ಜನವರಿವರೆಗೆ ಬೇರು ಇಲ್ಲ. ಆಮೇಲೆ ಒಂದು ಮೊಳಕೆ, ತುದಿ ಕೆಂಪು ಮಿಶ್ರಿತ ಹಸಿರು, ಎಣ್ಣೆ ಸವರಿದ ಹಾಗೆ ಹೊಳಪು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅದನ್ನು ನೋಡಿ ಬರುತ್ತಿದ್ದೆ. ಈಗ ಮೂರು ಬೇರುಗಳಿವೆ, ಎಲ್ಲವೂ 5 ಸೆಂಟಿಮೀಟರ್ ದಾಟಿವೆ. ತಾಯಿಯೂ ಐದು ಹೊಸ ಬೇರು, ಒಂದು ದಪ್ಪ ಎಲೆ ಬಿಟ್ಟಿದ್ದಾಳೆ.

ಸರಿ, ಇವತ್ತಿನ ದೃಶ್ಯಕ್ಕೆ ಬಂದೆವು. ಬೇರುಗಳ ಮೇಲೆ ಮಳೆನೀರು ಸಿಂಪಡಿಸಿದ್ದೇನೆ. ನೋಡಿ, ಬೆಳ್ಳಿಯ ಬಣ್ಣ ಕ್ಷಣದಲ್ಲಿ ಹಸಿರಾಯಿತು. ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ನೆನೆದ ಬೇರು ಬಾಗುತ್ತದೆ, ಒಣ ಬೇರು ಮುರಿಯುತ್ತದೆ. ಬೋರ್‌ವೆಲ್ ನೀರು ಬೇಡ, ನಮ್ಮ ಕಡೆಯ ಗಡಸು ನೀರಿಗೆ ಬೇರಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿದ್ದೇನೆ. ಮರಿಯ ಆಚೆ ಈಚೆ ಎರಡು ಸೆಂಟಿಮೀಟರ್ ದಂಟು ಬಿಟ್ಟು ಕತ್ತರಿಸಿದೆ. ಗಾಯಕ್ಕೆ ಮಾತ್ರ ಚಕ್ಕೆ ಪುಡಿ. ಬೇರಿಗೆ ಒಂದು ಚಿಟಿಕೆಯೂ ಬೀಳಬಾರದು, ಅದು ಬೇರನ್ನು ಒಣಗಿಸಿಬಿಡುತ್ತದೆ.

ಕುಂಡ ಎಂದರೆ ಈ ಪಾರದರ್ಶಕ ಪ್ಲಾಸ್ಟಿಕ್ ಲೋಟ, ದಬ್ಬಳ ಕಾಯಿಸಿ ತೂತು ಮಾಡಿದ್ದು. ಹೊರಗಿನಿಂದ ಬೇರು ಕಾಣುವುದು ನನಗೆ ಮುಖ್ಯ. ಹಸಿರು ಇದ್ದರೆ ನೀರು ಬೇಡ, ಬೆಳ್ಳಿ ಬಣ್ಣವಾದರೆ ಹಾಕು. ಎಲೆಗಳ ನಡುವಿನ ಗುಳಿಯಲ್ಲಿ ನೀರು ನಿಂತರೆ ಬಟ್ಟೆಯ ಚುಂಗಿನಿಂದ ಒರೆಸಿ ತೆಗೆಯಬೇಕು, ನಿಂತ ನೀರಿಗೆ ನಡುವೇ ಕೊಳೆಯುತ್ತದೆ. ಗೊಬ್ಬರ ಒಂದು ತಿಂಗಳು ಇಲ್ಲ. ಪೂರ್ವದ ಕಿಟಕಿ, ತೆಳುಪರದೆಯ ಹಿಂದೆ.

ಬೀಜದಿಂದ ಬಂದದ್ದಲ್ಲವಾದ್ದರಿಂದ ಇದರ ಹೂವೂ ತಾಯಿಯ ಹೂವಿನಂತೆಯೇ ಇರುತ್ತದೆ. ಬಿಳಿ, ನಡುವೆ ಕುಂಕುಮದ ಬಣ್ಣದ ತುಟಿ. ನಾನು ಅದನ್ನು ನೋಡಿರುವುದು ಅತ್ತಿಗೆಯ ಗೃಹಪ್ರವೇಶದ ಫೋಟೋದಲ್ಲಿ ಮಾತ್ರ. ಮರಿ ಹೂ ಬಿಡಲು ಎರಡು ಮೂರು ವರ್ಷ ಬೇಕಾಗಬಹುದು. ತಾಯಿ ಈ ಡಿಸೆಂಬರಿನ ರಾತ್ರಿಗಳು ತಣ್ಣಗಾದಾಗ ಹೂದಂಟು ಹೊರಡಿಸುತ್ತಾಳೆಯೇ ಎಂದು ಕಾಯುತ್ತಿದ್ದೇನೆ. ನಿನ್ನೆ ಅತ್ತಿಗೆ ಫೋನ್ ಮಾಡಿ, "ಒಂದನ್ನು ನನಗೆ ಕೊಡುತ್ತೀಯಾ? ಈ ಸಲ ಒಳಗೇ ಇಡುತ್ತೇನೆ" ಎಂದು ಕೇಳಿದರು. ಮರಿ ಬೇರು ಹಿಡಿಯಲಿ ಅತ್ತಿಗೆ, ಕಿಟಕಿಯ ಬಳಿ ಜಾಗ ಮಾಡಿಡಿ ಎಂದಿದ್ದೇನೆ.

ಲೋಟದ ಮೇಲೆ ತಾರೀಕು ಬರೆಯುತ್ತಿದ್ದೇನೆ. ಮೊದಲ ನೀರು ನಾಳಿದ್ದು.