ಗೇರ್‌ಬಾಕ್ಸ್ ಕೆಳಗಿಳಿದಾಗ

ಕೇಳುಗರೇ, ನಮಸ್ಕಾರ.

ಏರು ದಾರಿ, ನಾಲ್ಕನೇ ಗೇರ್. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಹುಯ್ಯೆಂದು ಕೂಗುತ್ತದೆ, ಕಾರು ಮಾತ್ರ ಇದ್ದ ವೇಗದಲ್ಲೇ ತೆವಳುತ್ತದೆ. ಜೊತೆಗೆ ಸುಟ್ಟ ವಾಸನೆ. ಹಳೇ ಕಾರು ಇಟ್ಟುಕೊಂಡವರಿಗೆ ಇದು ಗೊತ್ತಿರುವ ಸಂಗತಿ, ಅಲ್ವಾ? ಕ್ಲಚ್ ಸ್ಲಿಪ್ ಆಗುತ್ತಿದೆ. ಅಂದರೆ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೂತು ಶಕ್ತಿ ದಾಟಿಸುವ ಪ್ಲೇಟ್ ಹಿಡಿತ ಬಿಟ್ಟು ಜಾರುತ್ತಿದೆ. ಆ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು.

ಹಾಗಂತ ಕೂಡಲೇ ಗೇರ್‌ಬಾಕ್ಸ್ ಇಳಿಸಬೇಡಿ. ಕೇಬಲ್ ಇರುವ ಕ್ಲಚ್ ಆದರೆ ಮೊದಲು ಪೆಡಲನ್ನು ಕೈಯಿಂದ ಒತ್ತಿ ನೋಡಿ. ಭಾರ ಸಿಗುವ ಮುಂಚೆ ಅದು ಸ್ವಲ್ಪ ಸಡಿಲವಾಗಿ ಹೋಗಬೇಕು. ಅನೇಕ ಹಳೇ ಕಾರುಗಳಲ್ಲಿ ಈ ಸಡಿಲ 15ರಿಂದ 25 ಮಿಲಿಮೀಟರ್ ಇರುತ್ತದೆ. ನಿಮ್ಮ ಕಾರಿಗೆ ಎಷ್ಟು ಅನ್ನುವುದನ್ನು ಅದರ ಕೈಪಿಡಿಯಲ್ಲೇ ನೋಡಿಕೊಳ್ಳಿ. ಸಡಿಲವೇ ಇಲ್ಲದಿದ್ದರೆ ನೀವು ಕಾಲಿಡದಿದ್ದರೂ ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ. ಕೇಬಲ್ ಸರಿಮಾಡಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಸದ್ದನ್ನೂ ಕೇಳಿ. ಕಾರು ನ್ಯೂಟ್ರಲ್‌ನಲ್ಲಿ ನಿಂತಿದೆ, ಪೆಡಲ್ ಒತ್ತಿದಾಗ ಕರಕರ ಶುರುವಾಗುತ್ತದೆ ಅಂದರೆ ಹೆಚ್ಚಾಗಿ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಹೋಗಿದೆ. ಪೆಡಲ್ ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಮತ್ತೆ ಬಂದರೆ ಗೇರ್‌ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್, ಅಂದರೆ ಕ್ಲಚ್‌ನಿಂದ ಶಕ್ತಿ ಒಳಗೆ ತರುವ ದಂಡದ ಬೇರಿಂಗ್ ಮೇಲೆ ಅನುಮಾನ ಪಡಿ. ಆಗ ಬರೀ ಕ್ಲಚ್ ಬದಲಿಸಿದರೆ ಸಾಲದು.

ಇಳಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬಲದ ಕೆಲಸ, ಕಾರಿನಿಂದ ಕಾರಿಗೆ ಬೇರೆ. ಬ್ಯಾಟರಿ ತಂತಿ ಬಿಚ್ಚಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಲೇಬೇಡಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬೆಲ್ ಹೌಸಿಂಗ್, ಅಂದರೆ ಕ್ಲಚ್ ಮುಚ್ಚಿಕೊಂಡು ಇಂಜಿನ್‌ಗೆ ಕೂರುವ ಗಂಟೆಯಾಕಾರದ ಕವಚದ ಬೋಲ್ಟ್‌ಗಳು ಹೆಚ್ಚಾಗಿ ಒಂದೇ ಉದ್ದ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಅದರ ಚಿತ್ರ ಗೀಚಿ, ಬಿಚ್ಚಿದ ಬೋಲ್ಟನ್ನು ಅದದೇ ಜಾಗದಲ್ಲಿ ಚುಚ್ಚಿಡಿ. ಒಳಗಿನ ಕಪ್ಪು ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಹಳೇ ಕ್ಲಚ್ ಪ್ಲೇಟ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಗೇರ್‌ಬಾಕ್ಸ್ ಕೆಳಗಿಳಿದ ಮೇಲಿನ ಆ ಅರ್ಧ ಗಂಟೆಯ ಬಗ್ಗೆ. ಆಗ ಕೈ ಹೊಸ ಪ್ಲೇಟ್ ಕಡೆ ಓಡುತ್ತದೆ. ಓಡಬಾರದು. ಲೈಟ್ ಹಿಡಿದು ಸುಮ್ನೆ ನೋಡಬೇಕು.

ಫ್ಲೈವೀಲ್, ಅಂದರೆ ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಇಂಜಿನ್‌ನ ಭಾರದ ಚಕ್ರ, ಅದರ ಮುಖ ನೋಡಿ. ನೀಲಿ ಕಲೆ ಇದ್ದರೆ ಅಲ್ಲಿ ವಿಪರೀತ ಕಾದಿದೆ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರು ಇದ್ದರೆ ಪ್ಲೇಟ್ ಪೂರ್ತಿ ಸವೆದು ರಿವೆಟ್ ಉಜ್ಜಿದೆ. ಅಂಥ ಫ್ಲೈವೀಲನ್ನು ಲೇತ್‌ಗೆ ಕೊಟ್ಟು ಮಟ್ಟ ಮಾಡಿಸಬೇಕು. ಬಿರುಕು ಆಳವಾಗಿದ್ದರೆ ಬದಲಿಸಲೇಬೇಕು. ಆಮೇಲೆ ಬೆಲ್ ಹೌಸಿಂಗ್ ಒಳಗೆ ಬೆರಳಾಡಿಸಿ. ಎಣ್ಣೆ ಅಂಟಿದರೆ ಮೂಸಿ ನೋಡಿ. ಗೇರ್ ಆಯಿಲ್‌ಗೆ ಗಂಧಕದ ಗಾಟು ವಾಸನೆ ಇರುತ್ತದೆ, ಹಾಗಿದ್ದರೆ ಗೇರ್‌ಬಾಕ್ಸ್‌ನ ಮುಂದಿನ ಸೀಲ್ ಸೋರಿದೆ. ಆ ವಾಸನೆ ಇಲ್ಲದ ಕಪ್ಪು ಎಣ್ಣೆಯಾದರೆ ಇಂಜಿನ್‌ನ ಹಿಂದಿನ ಸೀಲ್ ನೋಡಿ.

ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಆ ಹಿಂದಿನ ಸೀಲ್ ಸುತ್ತ ಸಣ್ಣ ಪಸೆ ಕಂಡಿತ್ತು. ಒರೆಸಿದೆ, ಒಣಗಿದಂತೆ ಕಂಡಿತು, ಮುಚ್ಚಿಬಿಟ್ಟೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಹೊಸ ಪ್ಲೇಟ್ ಎಣ್ಣೆ ಕುಡಿದಿತ್ತು. ಒಂದು ರಬ್ಬರ್ ಉಂಗುರಕ್ಕಾಗಿ ಅಷ್ಟೂ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಆ ಬೇಸರ ಇವತ್ತಿಗೂ ನೆನಪಿದೆ. ಅದಕ್ಕೇ ಹೇಳುತ್ತೇನೆ: ಪ್ಲೇಟ್ ಜೊತೆ ಅದನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಇನ್‌ಪುಟ್ ಶಾಫ್ಟ್ ತುದಿ ಕೂರುವ ಪೈಲಟ್ ಬೇರಿಂಗ್, ಆ ಎರಡೂ ಸೀಲ್ ಹೊಸದು ಹಾಕಿ.

ಇನ್ನು ಗೇರ್‌ಬಾಕ್ಸನ್ನೇ ಬದಲಿಸುವವರು. ನಾಲ್ಕು ಗೇರಿನದ್ದು ತೆಗೆದು ಐದು ಗೇರಿನದ್ದು ಹಾಕುವ ಆಸೆ ಸಹಜ. ನಾಲ್ಕನೆಯದು ನೇರ ಗೇರ್ (ಇಂಜಿನ್ ತಿರುಗಿದಷ್ಟೇ ಸುತ್ತು ಹೊರಗೂ ಬರುತ್ತದೆ), ಐದನೆಯ ಅನುಪಾತ 0.8 ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದ ಇಂಜಿನ್ ಅದೇ ವೇಗದಲ್ಲಿ 2,400ಕ್ಕೆ ಇಳಿಯುತ್ತದೆ. ಉದ್ದ ದಾರಿಯಲ್ಲಿ ಕಿವಿಗೆ ಎಷ್ಟು ಹಿತ! ಆದರೆ ಕೊಳ್ಳುವ ಮುಂಚೆ ಎರಡೂ ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು ಅಳೆಯಿರಿ. ಇನ್‌ಪುಟ್ ಶಾಫ್ಟ್ ಉದ್ದ, ಅದರ ಹಲ್ಲುಗಳ ಲೆಕ್ಕ, ತುದಿಯ ದಪ್ಪ, ಬೋಲ್ಟ್ ತೂತುಗಳ ಜಾಗ, ಹಿಂದಿನ ಮೌಂಟ್. ಹಿಂದಿನ ಚಕ್ರ ಎಳೆಯುವ ಕಾರಾದರೆ ಹೊಸ ಪೆಟ್ಟಿಗೆ ಉದ್ದ ಜಾಸ್ತಿ ಇರಬಹುದು, ಆಗ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಸ್ಪೀಡೋಮೀಟರ್ ಗೇರ್ ಹೊಂದದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಕ್ಲಚ್ ಪ್ಲೇಟನ್ನು ಹೊಸ ಪೆಟ್ಟಿಗೆಯ ಶಾಫ್ಟ್ ಮೇಲೆ ಕೈಯಲ್ಲೇ ತೂರಿಸಿ ನೋಡಿ. ಸಲೀಸಾಗಿ ಜಾರಬೇಕು. ಹಲ್ಲುಗಳಿಗೆ ಬೆಂಕಿಕಡ್ಡಿ ತಲೆಯಷ್ಟು ಗ್ರೀಸ್ ಸಾಕು. ಜಾಸ್ತಿ ಹಚ್ಚಿದರೆ ಅದು ಚಿಮ್ಮಿ ಪ್ಲೇಟ್ ಮೇಲೆ ಬೀಳುತ್ತದೆ. ಪ್ಲೇಟ್ ಮೇಲೆ ಫ್ಲೈವೀಲ್ ಕಡೆ ಯಾವುದು ಅಂತ ಗುರುತಿರುತ್ತದೆ. ಇನ್‌ಪುಟ್ ಶಾಫ್ಟ್‌ನಂತೆಯೇ ಇರುವ ಡಮ್ಮಿ ಶಾಫ್ಟ್ ತೂರಿಸಿ ಪ್ಲೇಟನ್ನು ಸರಿಯಾಗಿ ನಡುವಿಗೆ ತನ್ನಿ. ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಎದುರುಬದುರಾಗಿ, ಅರ್ಧರ್ಧ ಸುತ್ತು ಬಿಗಿಯುತ್ತಾ ಬನ್ನಿ.

ಗೇರ್‌ಬಾಕ್ಸ್ ಕೂರಿಸುವಾಗ ಒಬ್ಬರು ಜೊತೆಗಿರಲಿ. ಅದರ ಭಾರವನ್ನು ಒಂದು ಕ್ಷಣವೂ ಶಾಫ್ಟ್ ಮೇಲೆ ನೇತಾಡಲು ಬಿಡಬೇಡಿ, ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಕೊನೆಯ ಎರಡು ಬೆರಳಗಲ ಹೋಗುತ್ತಿಲ್ಲ ಅಂತ ಬೋಲ್ಟ್ ಬಿಗಿದು ಎಳೆಯಬೇಡಿ, ಹೌಸಿಂಗ್‌ನ ಕಿವಿ ಮುರಿಯುತ್ತದೆ. ಗೇರ್ ಹಾಕಿ, ಹಿಂದಿನ ತುದಿಯನ್ನು ನಿಧಾನ ತಿರುಗಿಸಿ, ಸ್ವಲ್ಪ ಅಲುಗಾಡಿಸಿ. ಹಲ್ಲಿಗೆ ಹಲ್ಲು ಕೂತ ಕೂಡಲೇ ಪೆಟ್ಟಿಗೆ ತಾನಾಗಿ ಟಕ್ಕೆಂದು ಒಳಗೆ ಸರಿಯುತ್ತದೆ.

ಎಣ್ಣೆ ಹಾಕುವಾಗಲೂ ಎಚ್ಚರ. ಹಳೇ ಪೆಟ್ಟಿಗೆಗಳಲ್ಲಿ ಗೇರ್ ಸಲೀಸಾಗಿ ಬೀಳುವಂತೆ ವೇಗ ಹೊಂದಿಸುವ ಸಿಂಕ್ರೋ ಉಂಗುರಗಳು ಸಾಮಾನ್ಯವಾಗಿ ಹಿತ್ತಾಳೆಯವು. ಗೇರ್ ಆಯಿಲ್ ಡಬ್ಬಿಯ ಮೇಲೆ ಅದರ ದರ್ಜೆ ಬರೆದಿರುತ್ತದೆ, ಕೈಪಿಡಿ ಜಿಎಲ್-4 ಕೇಳಿದ್ದರೆ ಜಿಎಲ್-5 ಹಾಕಬೇಡಿ. ಅದರಲ್ಲಿ ಗಂಧಕದ ಸೇರ್ಪಡೆ ಹೆಚ್ಚು, ಕೆಲವು ಎಣ್ಣೆಗಳು ಹಿತ್ತಾಳೆಯನ್ನು ತಿನ್ನುತ್ತವೆ.

ಕೊನೆಗೆ ಇಂಜಿನ್ ಶುರುಮಾಡಿ. ಕಾರು ನಿಂತಲ್ಲೇ ಇರಲಿ. ಪೆಡಲ್ ಪೂರ್ತಿ ಒತ್ತಿ, ಐದಾರು ಎಣಿಸಿ, ರಿವರ್ಸ್ ಹಾಕಿ. ಹಳೇ ಪೆಟ್ಟಿಗೆಗಳಲ್ಲಿ ರಿವರ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೋ ಇರುವುದಿಲ್ಲ. ಪೆಡಲ್ ಒತ್ತಿದರೂ ಕ್ಲಚ್ ಇಂಜಿನ್‌ನಿಂದ ಪೂರ್ತಿ ಬಿಡಿಸಿಕೊಳ್ಳದಿದ್ದರೆ ಗೇರ್ ಕರ್ರೆಂದು ಕಿರುಚುತ್ತದೆ. ಸದ್ದಿಲ್ಲದೆ ಬಿತ್ತೇ? ಹಾಗಾದರೆ ಕ್ಲಚ್ ಸರಿಯಾಗಿ ಬಿಡಿಸಿಕೊಳ್ಳುತ್ತಿದೆ, ಕಾರನ್ನು ಹೊರಗೆ ತೆಗೆಯಿರಿ. ಮೊದಲ ಕೆಲವು ನೂರು ಕಿಲೋಮೀಟರ್ ಮಾತ್ರ ಹದವಾಗಿ ಓಡಿಸಿ, ಹೊಸ ಪ್ಲೇಟ್ ಕೂತುಕೊಳ್ಳಲಿ.

ನಮಸ್ಕಾರ.